ಪುಸ್ತಕದಾನವೂ ಓದುಯಂತ್ರವೂ

ಪುಸ್ತಕವೆಂದರೆ ಕಾಗದವೋ, ಅದರೊಳಗಿನ ಮಾತೋ ಎಂದು ಕೇಳಿದರೆ ವಿದ್ಯಾವಂತರೆಲ್ಲರೂ ಮಾತೇ ಎಂದು ಹೇಳಿಯಾರು. ಆದರೆ ಅಚ್ಚಿನ ಪುಸ್ತಕದ ಎಡೆಗೆ ಇ-ರೀಡರ್ ಎಂಬ ಓದುಯಂತ್ರವು ಬಂದೊಡನೆ ಹಾಗೆ ಹೇಳಿದವರೇ ಕಾಗದದ ಪರವಾಗಿ ವಾದಿಸತೊಡಗುವುದುಂಟು. ಹಾಳೆಯ ವಾಸನೆ, ಕಪಾಟಿನ ಚೆಲುವು ಇವು ಸುಳ್ಳಲ್ಲ. ಓಲೆಗರಿಯಿಂದ ಅಚ್ಚಿಗೆ ಬಂದಾಗಲೂ ಕಂಟದ ಗೀರು, ದಾರ ಪೋಣಿಸಿದ ಕಟ್ಟು ಇವೆಲ್ಲ ಹೋದುವು; ಕಾವ್ಯವು ಮಾತ್ರ ಉಳಿದು ಬಂದಿತು. ಅದುಕಾರಣ ಹೊಸ ಸಾಧನವನ್ನು ಅದರಿಂದ ಯಾರಿಗೆ ಏನು ಪ್ರಯೋಜನವೆಂಬುದರಿಂದಲೇ ಅಳೆಯುವುದು ನ್ಯಾಯ.

ಆ ಪ್ರಯೋಜನವು ಸಣ್ಣದಲ್ಲ. ಈ ಯಂತ್ರದ ಪುಟದಲ್ಲಿ ಅತಿ ಸೂಕ್ಷ್ಮವಾದ ಗುಳಿಗೆಗಳಿದ್ದು, ಅವುಗಳೊಳಗಿನ ಕಪ್ಪು ಬಿಳುಪು ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಮೇಲೆದ್ದು ಅಕ್ಷರಗಳಾಗುತ್ತವೆ. ಕಾಗದದಂತೆಯೇ ಹೊರಗಿನ ಬೆಳಕಿನಲ್ಲಿ ಅದನ್ನು ಓದಬಹುದು. ಬಿಸಿಲಿನಲ್ಲಿಯೂ ಅಕ್ಷರ ಮಸುಕಾಗದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು 1700 ಪುಟಗಳನ್ನು ಮೀರಿದುದು. ಅದನ್ನು ಎತ್ತಿ ತೊಡೆಯ ಮೇಲಿಡುವುದು ಮುಪ್ಪಿನವರಿಗೆ ಕಷ್ಟ. ಅಂಥ ನೂರಾರು ಗ್ರಂಥಗಳು ಅಂಗೈಯಗಲದ ಯಂತ್ರದೊಳಗೆ ಅಡಗುತ್ತವೆ. ಕಣ್ಣು ಮಂಜಾದವರು ಅಕ್ಷರವನ್ನು ಹಿರಿದು ಮಾಡಿಕೊಳ್ಳಬಹುದು. ಕಣ್ಣೇ ಇಲ್ಲದವರಿಗೆ ವಿದ್ಯುನ್ಮಾನ ಗ್ರಂಥವನ್ನು ಯಂತ್ರವೇ ಓದಿ ಹೇಳಬಲ್ಲುದು. ಇಂಥವರಿಗಾಗಿ ಗ್ರಂಥಸ್ವಾಮ್ಯವನ್ನು ಸಡಿಲಿಸುವ ಒಪ್ಪಂದವು 2013ರಲ್ಲಿ ಮರಾಕೆಶ್ ನಗರದಲ್ಲಿ ಆಯಿತು. 2014ರಲ್ಲಿ ಅದನ್ನು ಎಲ್ಲಕ್ಕಿಂತ ಮೊದಲು ಅಂಗೀಕರಿಸಿದ ದೇಶ ಭಾರತ. ಆದರೆ ಹಳೆಯ ಪುಟಗಳ ಚಿತ್ರವನ್ನಷ್ಟೇ ತೆಗೆದಿಟ್ಟರೆ ಈ ಗುಣಗಳು ಪೂರ್ಣವಾಗಿ ದೊರೆಯವು. ಅಕ್ಷರವು ಅಕ್ಷರವಾಗಿಯೇ ಯಂತ್ರವನ್ನು ಸೇರಬೇಕು.

ಓದುವವನ ಪ್ರಯೋಜನವು ಹೀಗಿದ್ದರೆ, ಕೊಡುವವನ ಗತಿ ಏನು? ಕನ್ನಡ ನಾಡಿನಲ್ಲಿ ಶಾಸ್ತ್ರದಾನವು ಮಹಾದಾನಗಳಲ್ಲೊಂದು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಸಾವಿರಕ್ಕೆ ಎಷ್ಟು ಲಿಪಿಕಾರರ ಬೆನ್ನು ಬಾಗಿರಬೇಕು! ಇಂದು ಸಾವಿರದೊಂದನೆಯ ಪ್ರತಿಗೆ ಕ್ಷಣಮಾತ್ರ ಸಾಕು. ಆದರೂ ವಿಚಿತ್ರವೆಂದರೆ, ದಾನವು ಇಷ್ಟು ಸುಲಭವಾದ ಕಾಲದಲ್ಲಿಯೇ ಕೊಂಡವನಿಗೆ ದಾನದ ಹಕ್ಕು ತಪ್ಪಿದೆ. ಅನೇಕ ವ್ಯಾಪಾರಿಗಳು ಮಾರುವುದು ಓದುವ ಅನುಮತಿಯನ್ನು ಮಾತ್ರ. 2009ರಲ್ಲಿ ಅಮೆಜಾನ್ ಸಂಸ್ಥೆಯು, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ಆರ್ವೆಲ್ಲನ ಎರಡು ಕೃತಿಗಳನ್ನು ಕೊಂಡವರ ಯಂತ್ರಗಳಿಂದಲೇ ಅಳಿಸಿ ಹಣವನ್ನು ಹಿಂದಿರುಗಿಸಿತು. ಬಳಿಕ ಅದರ ಮುಖ್ಯಸ್ಥನು ಕ್ಷಮೆ ಕೇಳಿದನು. ಅಚ್ಚಿನ ಪುಸ್ತಕದಂಗಡಿಯವನು ಮನೆಯ ಕಪಾಟಿಗೆ ಕೈಯಿಕ್ಕಿ, ಪುಸ್ತಕವಿದ್ದ ಎಡೆಯಲ್ಲಿ ಹಣವಿಟ್ಟು ಹೋಗಲಾರನು. ಆ ಪುಸ್ತಕವನ್ನು ನೆರೆಯವರಿಗೆ ಎರವಲು ಕೊಡಬಹುದು, ಮದುವೆಯಲ್ಲಿ ಉಡುಗೊರೆ ಮಾಡಬಹುದು, ಮೊಮ್ಮಕ್ಕಳಿಗೆ ಬಿಡಬಹುದು.

ಇದಕ್ಕೆ ಸಮಾಧಾನವೂ ಉಂಟು. ಪ್ರತಿಗಳು ತಡೆಯಿಲ್ಲದೆ ಹರಿದರೆ ಗ್ರಂಥಕರ್ತನ ಜೀವನವು ಹೇಗೆ ನಡೆದೀತು ಎಂದು ಪ್ರಕಾಶಕರು ಕೇಳುವುದು ಅನ್ಯಾಯವಲ್ಲ. ಆದರೆ ಅದಕ್ಕೆ ಎರವಲನ್ನೇ ನಿಲ್ಲಿಸಬೇಕಾದುದಿಲ್ಲ. ಒಬ್ಬನು ಹಿಂದಿರುಗಿಸಿದ ಮೇಲೆ ಮತ್ತೊಬ್ಬನಿಗೆ ಕೊಡುವ ಗ್ರಂಥಾಲಯದ ಕ್ರಮವನ್ನು ಯಂತ್ರದಲ್ಲಿಯೂ ನಡೆಸಬಹುದು. ನಮ್ಮ ದೇಶದಲ್ಲಿ ಲೇಖಕನು ತೀರಿದ 60 ವರ್ಷಗಳ ಮೇಲೆ ಅವನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು ಸರ್ವರ ಸ್ವತ್ತಾಗುತ್ತವೆ. ಪಂಪ, ರನ್ನ, ಕುಮಾರವ್ಯಾಸರ ಕಾವ್ಯಗಳಿಗಂತೂ ಯಾರ ಅಪ್ಪಣೆಯೂ ಬೇಕಿಲ್ಲ. ಅವನ್ನು ಶುದ್ಧವಾದ ಅಕ್ಷರರೂಪಕ್ಕೆ ತಂದು ಹಂಚುವ ಸಂಘ ಸಂಸ್ಥೆಗಳು ಅತ್ತಿಮಬ್ಬೆಯ ಕಾರ್ಯವನ್ನೇ ಮುಂದುವರಿಸಿದಂತಾದೀತು.

ಹೀಗೆ ನೋಡಿದರೆ ದೋಷವಿರುವುದು ಮಾರಾಟದ ಕರಾರಿನಲ್ಲಿ, ಯಂತ್ರವು ನಿರಪರಾಧಿ. ಓದುಯಂತ್ರವನ್ನು ಮನೆಗೆ ತರುವ ಗೃಹಸ್ಥನು ಅದರ ಬೆಲೆಯನ್ನು ವಿಚಾರಿಸುವಂತೆಯೇ, ಅದರೊಳಗೆ ಕೊಂಡ ಗ್ರಂಥವನ್ನು ಮತ್ತೊಬ್ಬರಿಗೆ ಕೊಡಲು ಬರುವುದೇ ಎಂಬುದನ್ನೂ ವಿಚಾರಿಸತಕ್ಕದ್ದು. ಕೊಳ್ಳುವವರು ಕೇಳದೆ ಇದ್ದರೆ ಮಾರುವವರು ಆ ಹಕ್ಕನ್ನು ತಾವಾಗಿ ಕೊಡುವುದು ಅಪರೂಪ.