ಒದ್ದೆ ಕೈಯ ಗಾಯ

ಮಗುವಿನ ಹಣೆ ಒಡೆದರೆ ಈಗ ಹೊಲಿಗೆಯೇ ಹಾಕಬೇಕೆಂದಿಲ್ಲ. ಗಾಯ ತೊಳೆದು, ಎರಡು ಅಂಚುಗಳನ್ನು ಕೂಡಿಸಿ ಹಿಡಿದು, ಮೇಲೆ ತೆಳ್ಳಗೆ ಅಂಟು ಸವರುತ್ತಾರೆ. ಒಂದೆರಡು ನಿಮಿಷದಲ್ಲಿ ಅದು ಬಿಗಿಯುತ್ತದೆ. ಸೂಜಿಯಿಲ್ಲ, ನೂಲು ತೆಗೆಸಲು ಮತ್ತೆ ಆಸ್ಪತ್ರೆಗೆ ಹೋಗಬೇಕಿಲ್ಲ. ಐದರಿಂದ ಹತ್ತು ದಿನದೊಳಗೆ ಅಂಟು ತಾನಾಗಿ ಉದುರುತ್ತದೆ.

ಮತ್ತೆ ಬರಬೇಕಿಲ್ಲ ಎನ್ನುವ ಅನುಕೂಲ ಯಾರಿಗೆ ಹೆಚ್ಚು ಬೇಕು? ಒಂದು ದಿನ ತಪ್ಪಿದರೆ ಒಂದು ದಿನದ ಗಳಿಕೆ ಕಳೆದುಕೊಳ್ಳುವವರಿಗೆ. ಗಂಗೊಳ್ಳಿ, ಹಂಗಾರಕಟ್ಟೆಯಲ್ಲಿ ಮೀನು ವಿಂಗಡಿಸುವವರಿಗೆ, ಉಪ್ಪುಂದ, ಶಿರೂರಿನಲ್ಲಿ ನಾಡದೋಣಿ ಇಳಿಸುವವರಿಗೆ. ಆದರೆ ಅವರ ಗಾಯ ಹಣೆಯ ಮೇಲಲ್ಲ, ಅಂಗೈಯಲ್ಲಿ, ಬೆರಳ ಗೆಣ್ಣಿನಲ್ಲಿ. ಮಡಚಿ ಬಿಡಿಸುವ ಕಡೆ, ಸದಾ ಒದ್ದೆಯಾಗುವ ಕಡೆ, ಮೀನಿನ ಮುಳ್ಳು ಆಳಕ್ಕೆ ಚುಚ್ಚಿದ ಕಡೆ ಈ ಅಂಟು ಹಾಕಬಾರದು ಎನ್ನುತ್ತದೆ ವೈದ್ಯಶಾಸ್ತ್ರ. ಹಾಕಿದರೆ ಬಿಟ್ಟುಹೋಗುತ್ತದೆ, ಇಲ್ಲವೇ ಕೊಳೆಯನ್ನು ಒಳಗಿಟ್ಟು ಬಾಯಿ ಮುಚ್ಚಿ ಕೀವು ಮಾಡುತ್ತದೆ. ಹೊಲಿಗೆ ಹಾಕಿದರೂ ಕೈಯನ್ನು ಒಣಗಿಸಿ ಇಟ್ಟುಕೊಳ್ಳಬೇಕು. ಅಂದರೆ ಯಾವ ದಾರಿ ಹಿಡಿದರೂ ಗಾಯ ಕೇಳುವುದು ಒಂದನ್ನೇ: ಕೆಲವು ದಿನ ಒಣ ಕೈ.

ಅದು ಸಿಗದವರು ಅಂಗಡಿಗೆ ಹೋಗಿ ಫೆವಿಕ್ವಿಕ್ ತರುತ್ತಾರೆ. ಚಪ್ಪಲಿಯ ಬಾರಿಗೆ, ಒಡೆದ ಬಕೆಟ್ಟಿಗೆ ಹಚ್ಚುವ ಅಂಟನ್ನೇ ಸೀಳಿದ ಬೆರಳಿಗೆ ಸುರಿಯುವುದನ್ನು ನೋಡಿದವರು ನಮ್ಮಲ್ಲಿ ಕಡಿಮೆಯಿಲ್ಲ. ಬೈದರೆ ಉತ್ತರ ಸಿದ್ಧವಾಗಿರುತ್ತದೆ: "ನಾಳೆ ಹೋಯ್ಕಲ್ದಾ ಮರಾಯ್ರೆ?"

ಓದಿದವರಾದ ನಾವು ಇದನ್ನು ಅಜ್ಞಾನ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಅಪಾಯ ನಿಜ. ಆದರೆ ಅಂಟಿನ ವಂಶಾವಳಿ ನೋಡಿದರೆ ಆ ಬುದ್ಧಿ ತೀರ ಹುಚ್ಚಿನದಲ್ಲ. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಬಂದೂಕಿನ ಗುರಿದರ್ಶಕಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಸೈನೋಅಕ್ರಿಲೇಟ್ ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಅದನ್ನು ಬದಿಗಿಟ್ಟರು. 1958ರಲ್ಲಿ ಅದೇ ಅಂಟಾಗಿ ಮಾರಾಟಕ್ಕೆ ಬಂತು. ವಿಯೆಟ್ನಾಂ ಯುದ್ಧದಲ್ಲಿ ಸೈನಿಕರ ರಕ್ತ ನಿಲ್ಲಿಸಲು ಅದನ್ನು ಗಾಯಕ್ಕೆ ಸಿಂಪಡಿಸಿದರು. ಅಂಗಡಿಯ ಅಂಟಿನ ಅಣುವಿನ ಬಾಲ ಗಿಡ್ಡ. ಅದು ಬೇಗ ಒಡೆದು ಫಾರ್ಮಾಲ್ಡಿಹೈಡ್ ಬಿಡುತ್ತದೆ, ಗಟ್ಟಿಯಾಗುವಾಗ ಬಿಸಿಯಾಗಿ ಚರ್ಮ ಸುಡುತ್ತದೆ. ಬಾಲ ಉದ್ದ ಮಾಡಿ, ಸೂಕ್ಷ್ಮಾಣುರಹಿತಗೊಳಿಸಿದ ಅಂಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಒಂದೇ ಕುಟುಂಬದ ಎರಡು ಅಂಟುಗಳು. ಒಂದು ಆಸ್ಪತ್ರೆಗೆ ಸೇರಿತು, ಇನ್ನೊಂದು ಗೂಡಂಗಡಿಯಲ್ಲಿ ಉಳಿಯಿತು.

ಇನ್ನೊಂದು ಮಾತು. ಅಂಟು ಗಾಯವನ್ನು ಗುಣಪಡಿಸುವುದಿಲ್ಲ, ಹೊಲಿಗೆಯೂ ಗುಣಪಡಿಸುವುದಿಲ್ಲ. ಅವು ಅಂಚುಗಳನ್ನು ಹತ್ತಿರ ಹಿಡಿದಿಡುತ್ತವೆ, ಅಷ್ಟೆ. ಕೂಡಿಸುವುದು ಮೈಯೇ, ತನ್ನದೇ ರಕ್ತದಿಂದ, ತನ್ನದೇ ವೇಗದಲ್ಲಿ. ಹಾಗಾದರೆ ಮದ್ದು ಎನ್ನಬೇಕಾದದ್ದು ಸಮಯವನ್ನು. ಆ ಸಮಯವನ್ನು ಕೊಡಬೇಕಾದವರು ಯಾರು ಎನ್ನುವುದು ವೈದ್ಯರ ಪ್ರಶ್ನೆಯಲ್ಲ, ನಮ್ಮೆಲ್ಲರ ಪ್ರಶ್ನೆ.

ಕುಂದಾಪುರ, ಬ್ರಹ್ಮಾವರ ಸುತ್ತಿನ ಗೇರುಬೀಜದ, ಹೆಂಚಿನ ಕಾರ್ಖಾನೆಗಳಲ್ಲಿ ಇಎಸ್‌ಐ ಇರುವವರಿಗೆ ಕಾನೂನು ಒಂದು ಉತ್ತರ ಕೊಟ್ಟಿದೆ. ಕೆಲಸದಲ್ಲಿ ಪೆಟ್ಟಾಗಿ ಕನಿಷ್ಠ ಮೂರು ದಿನ ದುಡಿಯಲಾಗದಿದ್ದರೆ ಕೂಲಿಯ ಶೇ. 90ರಷ್ಟು ಸಿಗುತ್ತದೆ. ದೋಣಿಯವನ ಲೆಕ್ಕ ಬೇರೆ. ಅವನದು ಪಾಲು; ಹೋದರೆ ಉಂಟು, ಹೋಗದಿದ್ದರೆ ಇಲ್ಲ. ಮಲಗಿದವನಿಗೂ ಪಾಲು ಕೊಟ್ಟರೆ ಅದು ಕೊಟ್ಟವರ ದೊಡ್ಡತನ, ಪಡೆದವನ ಹಕ್ಕಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿಮಾಡಿ ಚೇತರಿಸಿಕೊಳ್ಳಲೆಂದು ಸಮುದ್ರಕ್ಕೆ 61 ದಿನ ಬಿಡುವು. ಅದು ಸರಿಯಾದದ್ದೇ. ಮೀನಿಗೆ ಚೇತರಿಕೆಯ ಕಾಲ ಬೇಕೆಂದು ಅರ್ಥಮಾಡಿಕೊಂಡವರಿಗೆ, ಮೀನು ಹಿಡಿಯುವ ಕೈಗೆ ಹತ್ತು ದಿನ ಬೇಕೆಂದು ಅರ್ಥವಾಗುವುದು ಕಷ್ಟವಾಗಬಾರದು.

ಒದ್ದೆಯಲ್ಲೂ ಹಿಡಿಯುವ ಅಂಟು ಬಂದರೆ ಈ ಚಿಂತೆಯೇ ಇರದಲ್ಲ ಎನ್ನಬಹುದು. ಅದರ ಗುಟ್ಟು ನಮ್ಮ ಕಡಲ ಬಂಡೆಗಳಲ್ಲೇ ಇದೆ. ಅಲೆ ಎಷ್ಟು ಬಡಿದರೂ ಪಚ್ಚಿಲೆ ಬಂಡೆ ಬಿಡುವುದಿಲ್ಲ. ಅದು ನೂಲು ಚಾಚಿ, ತುದಿಯಲ್ಲಿ ಪ್ರೋಟೀನಿನ ಅಂಟು ಸ್ರವಿಸುತ್ತದೆ; ಅದರಲ್ಲಿರುವ ಡೋಪಾ ಎಂಬ ಅಂಶ ನೀರಿನಡಿಯಲ್ಲೂ ಕಲ್ಲನ್ನು ಕಚ್ಚಿ ಹಿಡಿಯಲು ನೆರವಾಗುತ್ತದೆ. ಅದನ್ನು ಅನುಕರಿಸಿ ಮೈಯೊಳಗೆ ಬಳಸುವ ಅಂಟು ಮಾಡಲು ವಿಜ್ಞಾನಿಗಳು ಬಹಳ ವರ್ಷಗಳಿಂದ ದುಡಿಯುತ್ತಿದ್ದಾರೆ.

ಅವರ ಕೆಲಸ ಗೆಲ್ಲಲಿ. ಹೃದಯ ಒದ್ದೆ, ಶ್ವಾಸಕೋಶ ಒದ್ದೆ. ಅವು ಒಂದು ನಿಮಿಷವೂ ನಿಲ್ಲಲಾರವು. ನಿಲ್ಲಲಾರದ್ದಕ್ಕೆ ಒದ್ದೆಯಲ್ಲಿ ಹಿಡಿಯುವ ಅಂಟು ಬೇಕೇ ಬೇಕು. ಕೈಯ ಮಾತು ಬೇರೆ. ಅದು ನಿಲ್ಲಬಲ್ಲದು, ನಾವು ನಿಲ್ಲಲು ಬಿಡುತ್ತಿಲ್ಲ. ಸೀಳಿದ ಅಂಗೈಗೆ ಪಚ್ಚಿಲೆಯ ಅಂಟು ಮೆತ್ತಿ ಮರುದಿನವೇ ಬಲೆ ಎಳೆಯಲು ಕಳಿಸಿದರೆ, ಹಾಗೆ ಉಳಿಸಿದ್ದು ಅವನ ಕೈಯನ್ನೋ, ದೋಣಿಯ ಒಂದು ದಿನವನ್ನೋ?

ಬೇಗ ಮುಚ್ಚಿದ ಗಾಯವೆಲ್ಲ ವಾಸಿಯಾದ ಗಾಯವಲ್ಲ. ಬಂದರಿನಲ್ಲಿ, ಸಹಕಾರಿ ಸಂಘದಲ್ಲಿ, ದೋಣಿಯ ಲೆಕ್ಕ ಹಂಚುವ ಹೊತ್ತಿನಲ್ಲಿ ಗಾಯಗೊಂಡವನ ಹತ್ತು ದಿನಕ್ಕೂ ಒಂದು ಪಾಲು ತೆಗೆದಿಡುವ ಕ್ರಮ ಬಂದರೆ, ಬೆರಳಿಗೆ ಫೆವಿಕ್ವಿಕ್ ಹಚ್ಚಬೇಡಿ ಎಂದು ಹೇಳುವ ಯೋಗ್ಯತೆ ನಮಗೆ ಬರುತ್ತದೆ.