ಸೋಸಿದ ಬದಿ

ಮಳೆಗಾಲ ಹಿಂದಾಗುತ್ತಿದ್ದಂತೆ ಮಲೆನಾಡಿನ ತೋಟದ ಮನೆಗಳಲ್ಲಿ ಜೀಪಿನ ಡೀಸೆಲ್ ಫಿಲ್ಟರ್ ಬದಲಿಸುವ ಕೆಲಸ ಬರುತ್ತದೆ. ಅರ್ಧ ಖಾಲಿಯಿದ್ದ ಟ್ಯಾಂಕಿನೊಳಗೆ ತೇವದ ಗಾಳಿ ತಣಿದು ಹನಿಯಾಗಿ, ಡೀಸೆಲಿಗಿಂತ ಭಾರವಾದ ನೀರು ತಳ ಸೇರಿ, ಅಲ್ಲಿಂದ ಫಿಲ್ಟರಿಗೆ ಬಂದು ಕೂತಿರುತ್ತದೆ. ಏರಿನಲ್ಲಿ ಗಾಡಿ ಮುಕ್ಕರಿಸತೊಡಗಿದರೆ ಮನೆಯವರೇ ಬಾನೆಟ್ ಎತ್ತುತ್ತಾರೆ. ಅಂಥ ಕಷ್ಟದ್ದೇನಲ್ಲ. ಹಳೆಯದನ್ನು ಬಿಚ್ಚಿ, ಹೊಸದರ ರಬ್ಬರ್ ವಾಷರಿಗೆ ಚೂರು ಡೀಸೆಲ್ ಸವರಿ, ಕೈಯಲ್ಲೇ ಬಿಗಿ ಮಾಡಿ, ಏರ್ ತೆಗೆದರೆ ಮುಗಿಯಿತು.

ಕಪ್ಪು ಹಿಡಿದ ಫಿಲ್ಟರ್ ಕಂಡರೆ ಎಲ್ಲರೂ ಮುಖ ಸಿಂಡರಿಸುತ್ತಾರೆ. ನನಗೇನೋ ಅದರ ಮೇಲೆ ಗೌರವವೇ. ವರ್ಷಗಟ್ಟಲೆ ಬೆಳ್ಳಗೇ ಉಳಿದದ್ದು ಸಿಕ್ಕಿದರೆ ಡೀಸೆಲ್ ಬೇರೆಲ್ಲೋ ನುಸುಳುತ್ತಿದೆಯೇ ಎಂದು ಅನುಮಾನಪಡಬೇಕು.

ಅದಕ್ಕಿಂತ ಹೆಚ್ಚು ನಾನು ಯೋಚಿಸುವುದು ಅದನ್ನು ಬದಲಿಸುವ ಕೈಯ ಬಗ್ಗೆ. ತಿರುಗಿಸಿ ಕೂರಿಸುವ ಫಿಲ್ಟರಾದರೆ ಸಾಮಾನ್ಯವಾಗಿ ಅದರ ತಲೆಯ ಮೇಲೆ ಸುತ್ತ ಸಣ್ಣ ತೂತುಗಳು, ನಡುವೆ ದೊಡ್ಡದೊಂದು. ಸುತ್ತಲಿನವುಗಳಿಂದ ಡೀಸೆಲ್ ಒಳಹೋಗುತ್ತದೆ, ನಡುವಿನದರಿಂದ ಸೋಸಿದ್ದು ಹೊರಬರುತ್ತದೆ. ಅಲ್ಲಿಂದ ಮುಂದೆ ಪಂಪು, ನಾಝಲ್. ಹೇಳಿಕೊಳ್ಳುವಂಥ ಇನ್ನೊಂದು ಜರಡಿಯಿಲ್ಲ. ಪಂಪಿನ ಪ್ಲಂಜರಿಗೂ ಅದರ ಕೊಳವೆಗೂ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಇಷ್ಟು ನಾಜೂಕಿನ ಪಂಪು ಒದಗಲು ಕಾಲ ಹಿಡಿಯಿತು. ರುಡಾಲ್ಫ್ ಡೀಸೆಲ್ 1897ರಲ್ಲಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಒತ್ತಡದ ಗಾಳಿಯೇ ಇಂಧನವನ್ನು ಒಳಕ್ಕೆ ಊದುತ್ತಿತ್ತು. ಗಾಡಿಗೆ ಒಗ್ಗುವ ಪಂಪನ್ನು ಬಾಷ್ ಕಂಪನಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. ನಮ್ಮಲ್ಲಿ ಅಂಥ ಪಂಪು ಮಾಡಿದ್ದು 1951ರಲ್ಲಿ ಹುಟ್ಟಿದ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ. (2008ರಲ್ಲಿ ಕಂಪನಿಯ ಹೆಸರೂ ಬಾಷ್ ಆಯಿತು, ಮೈಕೋ ಲೇಔಟ್ ಮಾತ್ರ ಹಾಗೇ ಇದೆ.)

ಏರ್ ತೆಗೆಯುವುದು ಬೇಸರದ ಕೆಲಸ. ಹೊಸ ಫಿಲ್ಟರ್ ಖಾಲಿ. ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಹ್ಯಾಂಡ್ ಪಂಪನ್ನು ಒತ್ತುತ್ತಲೇ ಇರಬೇಕು. ಹೆಬ್ಬೆರಳು ನೋಯುತ್ತದೆ. ಅದನ್ನು ತಪ್ಪಿಸಲು ಕೆಲವರು ಕ್ಯಾನಿನ ಡೀಸೆಲನ್ನು ನಡುವಿನ ತೂತಿಗೇ ಸುರಿಯುತ್ತಾರೆ. ಗಾಡಿ ಬೇಗ ಸ್ಟಾರ್ಟ್ ಆಗುತ್ತದೆ, ಎಲ್ಲರಿಗೂ ಖುಷಿ. ಕ್ಯಾನಿನ ತಳದ ಧೂಳು ಮಾತ್ರ ಯಾರ ತಡೆಯೂ ಇಲ್ಲದೆ ಪಂಪಿಗಿಳಿದಿರುತ್ತದೆ. ಸುತ್ತಲಿನ ತೂತುಗಳಿಗೆ ನಿಧಾನವಾಗಿ ಹಾಕಿದ್ದರೆ ಅದೇ ಡೀಸೆಲ್ ಸೋಸಿಕೊಂಡೇ ಹೋಗುತ್ತಿತ್ತು. ಕೈ ಒರೆಸಿಕೊಂಡ ವೇಸ್ಟಿನ ನೂಲಿನ ಎಳೆಯದೂ ಇದೇ ಕಥೆ.

ಟ್ಯಾಂಕಿನ ಕೊಳೆ ತಿಂಗಳುಗಟ್ಟಲೆ ಕಾದರೂ ಮಾಡಲಾಗದ ಹಾನಿಯನ್ನು, ಕೊಳೆ ತೆಗೆಯಲು ಬಂದ ಕೈ ಒಂದು ಗಳಿಗೆಯಲ್ಲಿ ಮಾಡುತ್ತದೆ. ಬೇರೆ ಕಡೆಯೂ ಹೀಗೇ. ಸಹಕಾರ ಸಂಘದಲ್ಲಿ ಗುಮಾಸ್ತರ ಲೆಕ್ಕವನ್ನು ಕಾರ್ಯದರ್ಶಿ ನೋಡುತ್ತಾರೆ, ಅವರದನ್ನು ಆಡಿಟರು. ಆಡಿಟರು ಊಟದ ಹೊತ್ತಿನೊಳಗೆ ಮುಗಿಸಿಬಿಡೋಣ ಎಂದುಕೊಂಡರೆ ಅಲ್ಲಿಂದಾಚೆ ಹಿಡಿಯುವವರು ಯಾರು? ತಿದ್ದಲು ಹೊರಟವರಿಗೆ ಅನುಮಾನವೆಲ್ಲ ಟ್ಯಾಂಕಿನ ಮೇಲೆ. ಸ್ವಂತ ಬೆರಳನ್ನು ಅವರು ನೋಡಿಕೊಳ್ಳುವುದಿಲ್ಲ. ಒಳ್ಳೆಯ ಕೆಲಸಕ್ಕೆ ಬಂದಿದ್ದೇವಲ್ಲ ಎಂಬ ನೆಮ್ಮದಿಯೇ ಸೋಪಿನ ಜಾಗದಲ್ಲಿ ಕೂತಿರುತ್ತದೆ.

ಹೊಸ ಗಾಡಿಗಳ ಕಾಮನ್ ರೈಲ್ ಎಂಜಿನ್ನಿನಲ್ಲಿ ಡೀಸೆಲ್ 1,600 ಬಾರ್, ಅದಕ್ಕೂ ಮೀರಿದ ಒತ್ತಡದಲ್ಲಿ ಹರಿಯುತ್ತದೆ. ಅಲ್ಲಿ ಚಿಮ್ಮಿದ ಎಳೆ ಚರ್ಮವನ್ನೇ ತೂರಬಲ್ಲದು. ಮನೆಯಲ್ಲಿ ಮಾಡುವವರು ಫಿಲ್ಟರಿನ ತನಕ ಹೋಗಿ ನಿಲ್ಲಬೇಕು. ಪಂಪಿನಿಂದಾಚೆಯ ಪೈಪುಗಳಿಗೆ ಸ್ಪ್ಯಾನರ್ ತಾಗಿಸುವ ಕುತೂಹಲ ಬೇಡ.

ಇನ್ನು ಬಿಚ್ಚಿದ ಫಿಲ್ಟರಿನಲ್ಲಿ ಉಳಿದ ಕಪ್ಪು ಡೀಸೆಲ್. ಎಷ್ಟೋ ಮನೆಗಳಲ್ಲಿ ಅದು ಹೋಗುವುದು ಬೇಲಿಯ ಬುಡಕ್ಕೆ. ಗೆದ್ದಲಿಗೂ ಆಯಿತು ಎಂಬ ಸಮಾಧಾನ ಬೇರೆ. ಇಳಿಜಾರಿನ ಊರಿನಲ್ಲಿ ಮೇಲಿನವರ ಬೇಲಿಯ ಬುಡದ ನೀರು ಇಳಿಯುವುದು ಕೆಳಗಿನವರ ಬಾವಿಗೆ. ನಮ್ಮ ಪಂಪಿಗೆ ಬೇಡವಾದದ್ದನ್ನು ಅವರ ಕೊಡಕ್ಕೆ ಹಾಕಿ ಕೈ ತೊಳೆದುಕೊಂಡರೆ ಸೋಸಿದ್ದಾದರೂ ಏನನ್ನು? ಫಿಲ್ಟರನ್ನು ಬೋರಲಾಗಿಟ್ಟು ರಾತ್ರಿಯಿಡೀ ಬಸಿದು, ಮುಚ್ಚಳದ ಡಬ್ಬಿಗೆ ತುಂಬಿಟ್ಟರೆ ಪೇಟೆಗೆ ಹೋಗುವಾಗ ಒಯ್ಯಬಹುದು. ಹಳೇ ಆಯಿಲ್ ಕೊಂಡೊಯ್ಯುವವರು ಬರುವ ಗ್ಯಾರೇಜಿನಲ್ಲಿ ಕೇಳಿದರೆ ಇಟ್ಟುಕೊಳ್ಳುತ್ತಾರೆ.