ಪೇತ್ರನು ಚಳಿ ಕಾಯಿಸಿಕೊಂಡ ಬೆಂಕಿ

ಪೇತ್ರನು ಬಿದ್ದದ್ದು ಸುಳ್ಳಾಡಿದ ಗಳಿಗೆಯಲ್ಲಿಯೋ, ಅದಕ್ಕೂ ಮುಂಚೆಯೋ? ಎಚ್ಚರವಾಗಿರಬೇಕೆಂದು ಕರ್ತನು ಗೆತ್ಸೇಮನೆಯಲ್ಲಿ ಹೇಳಿದಾಗ ಅವನು ನಿದ್ರಿಸಿದನು. ಬಳಿಕ ದೂರದಿಂದ ಹಿಂಬಾಲಿಸಿದನು. ಮಹಾಯಾಜಕನ ಅಂಗಳದಲ್ಲಿ ಆಳುಗಳ ನಡುವೆ ಚಳಿ ಕಾಯಿಸಿಕೊಂಡನು. ಚಳಿ ಕಾಯಿಸಿಕೊಳ್ಳುವದು ಪಾಪವಲ್ಲ.

ಸಂತೆಯಿಂದ ಹಿಂದಿರುಗುವಾಗ ಹೆಂಡದಂಗಡಿಯ ಜಗಲಿಯಲ್ಲಿ ಹಳೇ ಗೆಳೆಯರೊಡನೆ ತುಸು ಹೊತ್ತು ಕೂತುಕೊಳ್ಳುವದೂ ಪಾಪವಲ್ಲವೆಂದು ನಮ್ಮಲ್ಲಿ ಕೆಲವರು ವಾದಿಸುತ್ತಾರೆ. ಯೇಸುಸ್ವಾಮಿಯು ಸುಂಕದವರ ಸಂಗಡ ಊಟಮಾಡಲಿಲ್ಲವೇ ಅನ್ನುತ್ತಾರೆ. ಮಾತು ನಿಜವೇ. ನೆಂಟರನ್ನೂ ನೆರೆಯವರನ್ನೂ ತೊರೆದು ಬಾಳಿರೆಂದು ನಾವು ಬೋಧಿಸಲಾರೆವು. ಆದರೆ ಲೇವಿಯ ಮನೆಯ ಪಂಕ್ತಿಯಲ್ಲಿ ಆತನು ತಾನು ಯಾರೆಂಬದನ್ನು ಮರೆಮಾಡಲಿಲ್ಲ. ಪೇತ್ರನಾದರೋ ಆ ಬೆಂಕಿಯ ಬಳಿಯಲ್ಲಿ ತನ್ನ ಗುರುತು ಯಾರಿಗೂ ಸಿಕ್ಕಬಾರದೆಂದೇ ಇದ್ದನೆಂದು ನಮಗೆ ತೋರುತ್ತದೆ. ದಾಸಿಯೊಬ್ಬಳ ಮಾತಿಗೆ ಅವನು ಬೆದರಿದ್ದು ಅದರಿಂದಲೇ.

ನಾವು ಕೂತಿರುವಲ್ಲಿಗೆ ಸಭೆಯ ಉಪದೇಶಿಯು ಬಂದರೆ ಎದ್ದು ಮರೆಯಾಗುತ್ತೇವೋ? ಹಾಗಾದರೆ ಬಟ್ಟಲು ಕೈಗೆ ಬಾರದಿದ್ದರೂ ಶೋಧನೆಯು ಆಗಲೇ ಒಳಹೊಕ್ಕಿದೆ. ಎದ್ದು ಬರುವದು ಆ ಗಳಿಗೆಯಲ್ಲಿ ಸುಲಭ. ಮೊದಲ ಬಟ್ಟಲು ಮುಗಿದ ಮೇಲೆ ಬಹು ಕಷ್ಟ. (ಕುಡಿಯುವವರಿಗೆ ಮಾತ್ರ ಇದನ್ನು ಬರೆಯುತ್ತಿಲ್ಲ, ಬಾವಿಕಟ್ಟೆಯ ಚಾಡಿಮಾತಿಗೂ ಇದು ಸಲ್ಲುತ್ತದೆ.)

ಪೇತ್ರನು ಮತ್ತೊಮ್ಮೆ ಕೆಂಡಗಳ ಬಳಿಗೆ ಬಂದನೆಂದು ಯೋಹಾನ 21ನೇ ಅಧ್ಯಾಯವು ತಿಳಿಸುತ್ತದೆ. ತಿಬೇರಿಯ ಸಮುದ್ರದ ದಡದಲ್ಲಿ, ಮೀನೂ ರೊಟ್ಟಿಯೂ ಸಿದ್ಧವಾಗಿದ್ದ ಆ ಬೆಂಕಿಯ ಹತ್ತಿರ, ಕರ್ತನು ಮೂರು ಸಾರಿ ಕೇಳಿದನು. ಅವನು ಮೂರು ಸಾರಿಯೂ, ಬಚ್ಚಿಡದೆ, ತನ್ನ ಪ್ರೀತಿಯನ್ನು ಒಪ್ಪಿಕೊಂಡನು.